ಬಾಯಿ ತೆರೆದ ಮೀನುಗಳು

ಪೂಜ್ಯ ನಿರ್ವಾಣ ಅಪ್ಪನವರಿಗೆ ಮಠವೆಂಬುದು ಇರಲಿಲ್ಲ. ಕಾಲುವೆಯ ಮಗ್ಗುಲಲ್ಲಿ, ನೀರು ಬಿಡುವವರು ಎಂದೋ ತೊರೆದುಹೋದ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದರು. ದಿನಕ್ಕೊಮ್ಮೆ ಪ್ರಸಾದ, ಉಳಿದ ಹೊತ್ತೆಲ್ಲ ಮೌನ. ಬಡಿಸುವುದನ್ನೇ ಪ್ರೀತಿ ಎಂದುಕೊಂಡ ನಮ್ಮಂಥ ಭಕ್ತರು ಬಲವಂತ ಮಾಡಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಕಾಲುವೆಯ ಕೆಳಗೆ ಹುಲಿಗೆವ್ವನ ಮೀನಿನ ಹೊಂಡವಿತ್ತು. ಗಂಡನಿಲ್ಲದ ಆಕೆಗೆ ಅದೊಂದೇ ಆಸರೆ. ಸ್ವಾಮಿಗಳೆಂದರೆ ಮೂಗು ಮುರಿಯುವ ಹೆಂಗಸು. ಮೀನಿಗೆ ತೌಡು, ಶೇಂಗಾ ಹಿಂಡಿ ಹಾಕುವುದರಲ್ಲಿ ಮಾತ್ರ ಬಲು ಧಾರಾಳಿ. ಎರಡು ಹೊತ್ತು ಹಾಕಿದರೆ ಸಾಕೆಂದು ಬಲ್ಲವರು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೀನು ಬಾಯಿ ತೆರೆದದ್ದು ಕಂಡರೆ ಬುಟ್ಟಿ ಹಿಡಿದು ಓಡುತ್ತಿದ್ದಳು.

ಅದಕ್ಕೊಂದು ಕಾರಣವಿತ್ತು. ಆಕೆಯ ಪುಟ್ಟ ಮಗಳು ಪಾರವ್ವ ಜ್ವರದಲ್ಲಿ ತೀರಿಕೊಂಡಿದ್ದಳು. ಏನೂ ತಿನ್ನಿಸಬೇಡ ಎಂದು ವೈದ್ಯರು ಹೇಳಿದ್ದರಿಂದ ಗಂಜಿಯ ಬಟ್ಟಲು ಮುಚ್ಚಿಯೇ ಇತ್ತು. ಕೂಸು ಮಾತಿಲ್ಲದೆ ಬಾಯಿ ತೆರೆಯುತ್ತ, ಮುಚ್ಚುತ್ತ ತಣ್ಣಗಾಯಿತು. ಹಸಿದ ಮಗಳನ್ನು ಉಪವಾಸ ಕಳಿಸಿದೆನೆಂಬ ಸಂಕಟವನ್ನು ಹುಲಿಗೆವ್ವ ಯಾರೆದುರೂ ಹೇಳಿಕೊಂಡಿರಲಿಲ್ಲ.

ಒಂದು ಬೇಸಿಗೆಯಲ್ಲಿ ಮೀನು ಬೆಳೆಯಲಿಲ್ಲ. ಮೈಮೇಲೆ ಹುಣ್ಣೆದ್ದು ಸಾಯತೊಡಗಿದವು. ಒಂದು ನಸುಕಿನಲ್ಲಿ ಹೊಂಡಕ್ಕೆ ಬಂದವಳು ದಂಡೆಯ ಮೇಲೇ ನಿಂತುಬಿಟ್ಟಳು. ದಂಡೆಯಿಂದ ದಂಡೆಗೆ ನೀರೇ ಕಾಣದಂತೆ ಮೀನಿನ ಬಾಯಿಗಳು. ಎಲ್ಲವೂ ಒಟ್ಟಿಗೇ ತೆರೆದು ಒಟ್ಟಿಗೇ ಮುಚ್ಚುತ್ತಿದ್ದವು. ಗಾಳಿಯಿರಲಿಲ್ಲ, ಹಕ್ಕಿಯ ದನಿಯೂ ಇರಲಿಲ್ಲ. ಪಚಪಚ ಎನ್ನುವ ಆ ಸಣ್ಣ ಸದ್ದನ್ನು ಆಕೆ ಹಿಂದೆ ಒಮ್ಮೆ, ಮಗಳ ಹಾಸಿಗೆಯ ಪಕ್ಕದಲ್ಲಿ ಕೇಳಿದ್ದಳು. ಬುಟ್ಟಿಗೆ ಕೈ ಹಾಕಿದಳು.

ಬುಟ್ಟಿ ಮೇಲೇಳಲಿಲ್ಲ. ಅಪ್ಪನವರು ಅದರ ಮೇಲೆ ಅಂಗೈ ಇಟ್ಟು ನಿಂತಿದ್ದರು. ಬಂದ ಸಪ್ಪಳವೇ ಆಕೆಗೆ ಕೇಳಿರಲಿಲ್ಲ.

"ಬಿಡ್ರಿ ಅಪ್ಪಾರ, ಹಸದಾವ," ಎಂದಳು.

"ಇಲ್ಲ ಯವ್ವಾ. ತಿಂದು ಉಳಿದದ್ದು ತಳದಾಗ ಕೊಳತು ನೀರಿನ ಉಸುರು ಕಟ್ಟೈತಿ. ಇವು ಉಸುರು ಬೇಡಾಕತ್ತಾವ, ಕೂಳಲ್ಲ."

ಅಪ್ಪನವರು ಕಾಲುವೆಯ ತೂಬು ತೆಗೆದು ಹೊಸ ನೀರು ಬಿಟ್ಟರು. ಎದೆಮಟ್ಟ ಹೊಂಡಕ್ಕಿಳಿದು ಎರಡೂ ಕೈಯಿಂದ ನೀರು ಬಡಿಯತೊಡಗಿದರು. ಮೀನುಗಳು ಅವರ ಸುತ್ತ ಒತ್ತೊತ್ತಾಗಿ ನೆರೆದು, ಒಂದೊಂದೇ ಬಾಯಿ ಮುಚ್ಚಿ ಕೆಳಗಿಳಿದವು. ಕೊನೆಗೆ ಎಳೆಯ ಮೀನೊಂದೇ ಉಳಿಯಿತು. ಅದನ್ನು ಬೊಗಸೆಯಲ್ಲಿ ಹಿಡಿದು, ತಲೆಯೆತ್ತದೆ ನುಡಿದರು:

"ಪಾರವ್ವನೂ ಕೂಳು ಬೇಡಿದ್ದಿಲ್ಲ."

ಆ ಹೆಸರನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹುಲಿಗೆವ್ವ ಕೆಸರಿನಲ್ಲೇ ಕುಸಿದು, ಮಗಳು ಹೋದಂದಿನಿಂದ ಎದೆಯಲ್ಲಿ ಕಟ್ಟಿಕೊಂಡಿದ್ದನ್ನೆಲ್ಲ ಅತ್ತಳು. ಕಣ್ಣೊರೆಸಿಕೊಂಡು ನೋಡಿದಾಗ ಹೊಂಡದಲ್ಲಿ ಯಾರೂ ಇರಲಿಲ್ಲ. ದಂಡೆಯ ಮೇಲೆ ಒದ್ದೆ ಹೆಜ್ಜೆಯೂ ಇರಲಿಲ್ಲ.

ಮುಂದೆ ಆಕೆ ಬಿಸಿಲೇರಿದ ಮೇಲೊಮ್ಮೆ, ಇಳಿಹೊತ್ತಿಗೊಮ್ಮೆ ಮಾತ್ರ ಹಿಂಡಿ ಹಾಕಿದಳು. ಹುಣ್ಣು ಮಾಯ್ದು ಮೀನುಗಳು ಮೈ ತುಂಬಿಕೊಂಡವು. ನಸುಕಿನಲ್ಲಿ ಯಾವುದಾದರೂ ಮೀನು ಬಾಯಿ ತೆರೆದರೆ ಹುಲಿಗೆವ್ವ ಬುಟ್ಟಿ ಹುಡುಕುತ್ತಿರಲಿಲ್ಲ. ತೂಬು ತೆಗೆದು, ಉಟ್ಟ ಸೀರೆಯಲ್ಲೇ ನೀರಿಗಿಳಿದು, ಎರಡೂ ಕೈಯಿಂದ ಬಡಿಯುತ್ತ, "ಉಸುರಾಡವ್ವಾ, ಉಸುರಾಡು," ಎನ್ನುತ್ತಿದ್ದಳು.