ಸಗಣಿ ಸಾರಿಸಿದ ಬುಟ್ಟಿ ಮತ್ತು ಎಳೆಬಿಸಿಲು

ಇದನ್ನು ನನಗೆ ಹೇಳಿದ್ದು ಒಂದು ಹುಂಜ. ಮುಂಜಾನೆಯ ಹೊತ್ತು ಅದು ಸುಳ್ಳು ಹೇಳುವುದಿಲ್ಲ.

ಊರಿನ ಕೋಳಿಗೂಡುಗಳಲ್ಲಿ ಶೀತಜ್ವರ ಹರಡಿತ್ತು. ಸಂದಿಲ್ಲದಂತೆ ಸಗಣಿ ಸಾರಿಸಿದ ಮುದಿ ಬುಟ್ಟಿಯೊಂದು, ತಾಯಿಯಿಲ್ಲದ ಮರಿಯೊಂದರ ಮೇಲೆ ವಾರದಿಂದ ಕವುಚಿಕೊಂಡು ಕೂತಿತ್ತು.

ಎಳೆಬಿಸಿಲು ಬಂದು ಬುಟ್ಟಿಯ ಬೆನ್ನು ತಟ್ಟಿತು. "ಅಜ್ಜೀ, ಸ್ವಲ್ಪ ಏಳಿ. ಮರಿಯನ್ನು ನೋಡಬೇಕು."

"ರೋಗವೂ ಹೀಗೇ ನಯವಾಗಿ ಮಾತಾಡುತ್ತದಂತೆ. ನಡೆಯಯ್ಯಾ ಆಚೆ!"

"ರೋಗ ಕೇಳಿಕೊಂಡು ಬರುವುದಿಲ್ಲ, ಅಜ್ಜೀ, ಗಾಳಿಯ ಜೊತೆ ನುಸುಳುತ್ತದೆ. ಆಗ ಹೋರಾಡುವವರು ಮರಿಯ ಮೈಯೊಳಗಿನ ಕಾವಲುಗಾರರು. ಅವರಿಗೆ ಬುತ್ತಿ ತಂದಿದ್ದೇನೆ."

"ಕಾವಲಿಗೆ ನಾನಿಲ್ಲವೇ?"

"ಇದ್ದೀರಿ. ಆದರೆ ಅವರು ವಾರದಿಂದ ಉಪವಾಸ."

ಒಳಗೆ ಮರಿ ಎದ್ದು ನಿಲ್ಲಲು ಹೋಗಿ ಕುಸಿಯಿತು. ಬುಟ್ಟಿ ತನ್ನ ಹಳೆಯ ಬಿದಿರೆಲ್ಲ ನರಳುವಂತೆ ಉರುಳಿ, ಅಂಗಾತ ಮಲಗಿ, ಮರಿಯನ್ನು ಮಡಿಲಲ್ಲಿಟ್ಟುಕೊಂಡು ಬಿಸಿಲಿಗೆ ಒಡ್ಡಿತು. ಅಂದಿನಿಂದ ದಿನಾ ಬೆಳಿಗ್ಗೆ ಹಾಗೆಯೇ ಮಾಡಿತು.

ಕೆಲವು ವಾರ ಕಳೆದ ಮೇಲೆ ಜ್ವರ ಬಂದೇ ಬಂತು. ಮರಿ ಎರಡು ದಿನ ತೂಕಡಿಸಿತು. ಮೂರನೆಯ ಬೆಳಿಗ್ಗೆ ಎದ್ದು, ಹಸಿವಿಗೆ ಬುಟ್ಟಿಯ ಸಗಣಿಯನ್ನೇ ಕುಕ್ಕಿ ಉದುರಿಸತೊಡಗಿತು.

"ನೋಡಪ್ಪಾ, ಮೈಯೆಲ್ಲ ತೂತು ಮಾಡುತ್ತಿದೆ!" ಎಂದು ಬುಟ್ಟಿ ಬಿಸಿಲಿಗೆ ದೂರು ಹೇಳಿತು. ಆಮೇಲೆ ದನಿ ತಗ್ಗಿಸಿ, "ಮಾಡಲಿ ಬಿಡು. ನಾನು ಕವುಚಿಕೊಂಡಾಗಲೂ ನೀನು ಬರಬಹುದು" ಎಂದಿತು.