ಓಬಮ್ಮನ ಬಾಡಿಗೆ ಬೋರ್ಡು

ಚಳ್ಳಕೆರೆಯಲ್ಲಿ ಓಬಮ್ಮ ಅಂತ ಒಬ್ಬಳಿದ್ದಳು ಕಣ್ರಪ್ಪಾ. ಗಂಡ ಸತ್ತಾಗ ಬಿಟ್ಟುಹೋದದ್ದು ಎರಡು ಬಾಡಿಗೆ ಕಾರು, ಒಂದು ಸಣ್ಣದು, ಒಂದು ದೊಡ್ಡದು. ಜೊತೆಗೆ ಪಾಲಯ್ಯ ಅನ್ನೋ ಪೆದ್ದ ಮಗ. ಕಾರಿನಿಂದ ಒಲೆ ಉರೀತಿತ್ತು, ಮಗನಿಂದ ಹೊಟ್ಟೆ ಉರೀತಿತ್ತು.

ಒಂದಿನ ಸಣ್ಣ ಕಾರು ಗ್ಯಾರೇಜಿನಲ್ಲಿತ್ತು. ಅದನ್ನೇ ಹೇಳಿಟ್ಟಿದ್ದ ಮೇಷ್ಟ್ರು ಬಂದರೆ, ದೊಡ್ಡದು ಕಣ್ಣೆದುರೇ ನಿಂತಿದ್ದರೂ ಇವನು ಬರಿಗೈಲಿ ಕಳಿಸಿದ. ಓಬಮ್ಮ ತಲೆ ಚಚ್ಚಿಕೊಂಡಳು.

"ಲೋ, ಕೇಳಿದ್ದು ಇಲ್ಲದಿದ್ರೆ ಅದೇ ರೇಟಿಗೆ ಅದಕ್ಕಿಂತ ದೊಡ್ಡದು ಕೊಡ್ಬೇಕು ಕಣೋ."

"ಆಯ್ತವ್ವ," ಅಂದ. ಅವನು ಆಯ್ತವ್ವ ಅಂದಾಗಲೆಲ್ಲ ಅವಳ ಎದೆ ಧಸಕ್ ಅನ್ನೋದು.

ಆಮೇಲೆ ಮದುವೆಯವರು ಹೆಣ್ಣು ಕರೆತರೋಕೆ ದೊಡ್ಡ ಕಾರು ಹೇಳಿದ್ದರು. ಅದು ಬೇರೆ ಬಾಡಿಗೆಗೆ ಹೋಗಿ ಇನ್ನೂ ಬಂದಿರಲಿಲ್ಲ. ಅದಕ್ಕಿಂತ ದೊಡ್ಡದು ಯಾವುದು? ಸಂತೆಯಿಂದ ಬರ್ತಿದ್ದ ಕುರಿ ಲಾರಿ! ಪಾಲಯ್ಯ ಅದನ್ನೇ ನಿಲ್ಲಿಸಿ, ಹೂವಿನ ಹಾರ ಕಟ್ಟಿ ಕಳಿಸಿದ. ಮುಹೂರ್ತ ಮೀರ್ತಿತ್ತು, ಪಾಪ, ಮದುವಣಗಿತ್ತಿ ಕುರಿ ಹಿಕ್ಕೆಯ ಮೇಲೆ ನಿಂತೇ ಛತ್ರಕ್ಕೆ ಬಂದಳು. ಅವಳಪ್ಪ ಓಬಮ್ಮನ ಬಾಗಿಲಿಗೆ ಬಂದು ಬೈದದ್ದು ಬೀದಿಗೆಲ್ಲ ಕೇಳಿಸಿತು.

ಇನ್ನು ನಿನ್ನ ಬುದ್ಧಿ ಓಡಿಸಬೇಡ, ಬೋರ್ಡಿನಲ್ಲಿ ಬರೆದಷ್ಟೇ ಮಾಡು ಅಂದಳು ಓಬಮ್ಮ. ಅದಕ್ಕಂತಲೇ ಬೋರ್ಡು ಬರೆಸಿದಳು. ಬರೆಯೋನು ದಿನಕ್ಕೆ ಮೂರು ಸಾವಿರ ಅನ್ನೋದರಲ್ಲಿ ಒಂದು ಸೊನ್ನೆ ಬಿಟ್ಟ. ಮುನ್ನೂರಕ್ಕೆ ದೊಡ್ಡ ಕಾರು! ತಿರುಪತಿಗೆ ಹೊರಟವರು ಕೇಳಿದರು, ಪಾಲಯ್ಯ ಕೀಲಿ ಕೊಟ್ಟ. ವಾಪಸ್ ಬಂದಾಗ ಅವಳು ಜಗಳಕ್ಕೆ ನಿಂತರೆ, ಬರೆದ ಮೇಲೆ ಮಾತು ಉಳಿಸ್ಕೋಬೇಕಮ್ಮ ಅಂತ ಅವರು ಜನ ಸೇರಿಸಿದರು. ಮದುವೆ ಮನೆಯಲ್ಲಿ ಹೋದ ಹೆಸರು ಇನ್ನೂ ಹೋದೀತು ಅಂತ ಕಣ್ಣೀರು ನುಂಗಿಕೊಂಡು ಕೊಟ್ಟಷ್ಟು ಇಸ್ಕೊಂಡಳು. ಅಷ್ಟರಲ್ಲಿ ಸಣ್ಣ ಕಾರೂ ಗುಜರಿಗೆ ಹೋಗಿತ್ತು. ಅನ್ನಕ್ಕೆ ದಾರಿ ಅಂತ ಉಳಿದದ್ದು ದೊಡ್ಡದೊಂದೇ.

"ಆ ಹಾಳು ಬರಹ ಅಳಿಸಿ ಹಾಕೋ ಮೊದ್ಲು," ಅಂತ ಹೇಳಿ ಅವಳು ತಂಗಿ ಮನೆಗೆ ಹೋದಳು.

"ಆಯ್ತವ್ವ."

ಸಂಜೆ ಬಂದು ನೋಡಿದರೆ ಬೋರ್ಡು ಬೆಳ್ಳಗೆ, ಶೆಡ್ಡು ಖಾಲಿ. ಕಾರೆಲ್ಲೋ ಅಂದಳು.

"ಯಾರೋ ಹೊಸಬರು ಬಂದು ರೇಟೆಷ್ಟು ಅಂದ್ರವ್ವ. ಬೋರ್ಡು ನೋಡ್ದೆ, ಏನೂ ಇರ್ಲಿಲ್ಲ. ಏನೂ ಇಲ್ಲ ಅಂದೆ."

ವಾಪಸ್ ಯಾವಾಗ ತರ್ತಾರೆ ಅಂತ ಕೇಳಿದಳು.

"ಅವ್ರೂ ಅದನ್ನೇ ಕೇಳಿದ್ರು. ಮತ್ತೆ ಬೋರ್ಡು ನೋಡ್ದೆ. ತರ್ಬೇಕು ಅಂತಾನೂ ಬರೆದಿರ್ಲಿಲ್ಲ."

ಓಬಮ್ಮ ಅಲ್ಲೇ ಕುಸಿದು, ಅಯ್ಯೋ ಶಿವನೇ ಅಂತ ಗೊಳೋ ಅತ್ತಳು. ಪಾಲಯ್ಯ ಪಕ್ಕದಲ್ಲಿ ಕೂತು ಬೆನ್ನು ಸವರಿದ.

"ಅಳ್ಬೇಡವ್ವ. ಈ ಸಲ ಒಬ್ರೂ ತಕರಾರು ಮಾಡ್ಲಿಲ್ಲ. ನಗ್ತಾ ಹೋದ್ರು."