ಸೂರಪ್ಪಾಚಾರಿ ಮಾಡಿದ ಗುಂಡಿನ ಪೆಟ್ಟಿಗೆ

ಯಾವ ಕಾಲ ಅಂತ ಮಾತ್ರ ಕೇಳಬೇಡಿ, ಬಹಳ ಹಿಂದೆ. ಹೊಳೆ ಕಡಲಿಗೆ ಸೇರುವ ಕಡೆ ಒಂದೂರು. ಅಲ್ಲಿ ಸೂರಪ್ಪಾಚಾರಿ ಅಂತ ಒಬ್ಬ ಬಡಗಿ ಇದ್ದನಂತೆ. ಹಲಗೆಗೆ ಕಿವಿಯಿಟ್ಟರೆ ಅದು ಯಾವ ಗುಡ್ಡದ ಮರ ಅಂತ ಹೇಳುತ್ತಿದ್ದನಂತೆ. ಅವನು ಕಟ್ಟಿದ ದೋಣಿ ತಾನಾಗಿಯೇ ದಡ ಹುಡುಕಿಕೊಂಡು ಬರುತ್ತಿತ್ತಂತೆ. ಇರಲಿ, ಜನ ಹೇಳ್ತಾರೆ.

ಆ ಊರಿನ ಬಂದರಿನಲ್ಲಿ ಕಾರ್ಮಿನ್ ಬಾಯಿಯ ಚಾದಂಗಡಿ. ಅಂಗಡಿಯಲ್ಲೊಂದು ಗುಂಡಿನ ಪೆಟ್ಟಿಗೆ. ಅವಳ ಗಂಡ ಜಾಕಿ ಯಾವುದೋ ಹಡಗಿನವರಿಂದ ತಂದದ್ದು. ಇಳಿಜಾರು ಹಲಗೆ, ಮೇಲೆ ಗಾಜು, ತುಂಬ ಹಿತ್ತಾಳೆ ಮೊಳೆ. ಸ್ಪ್ರಿಂಗು ಎಳೆದು ಬಿಟ್ಟರೆ ಗುಂಡು ಮೇಲೆ ಹಾರಿ, ಮೊಳೆಗಳಿಗೆ ತಾಗುತ್ತಾ, ಗಂಟೆ ಬಾರಿಸುತ್ತಾ ಇಳಿದು ಯಾವುದಾದರೂ ಕುಳಿಗೆ ಬೀಳುವುದು; ಗೆಲ್ಲುವ ಕುಳಿ ಒಂದೇ. ಈಗ ನೀವು ಪಿನ್‌ಬಾಲ್ ಅಂತೀರಲ್ಲ, ಅದರ ಅಜ್ಜ ಅನ್ನಿ. ಮೂಟೆ ಹೊರುವವರು ಚಾ ಕುಡಿದು ಒಂದಾಟ ಆಡಿಯೇ ಏಳುತ್ತಿದ್ದರಂತೆ. ಜಾಕಿ ತೀರಿಕೊಂಡ ಮೇಲೂ ಆಟ ನಿಲ್ಲಲಿಲ್ಲ.

ಒಂದು ಮಳೆಗಾಲ ಕಡಲು ಉಕ್ಕಿ ಅಂಗಡಿಗೆ ನೀರು ನುಗ್ಗಿತು. ಹಲಗೆ ಊದಿ, ಗುಂಡು ಉರುಳದಂತಾಯಿತು. ಸೂರಪ್ಪಾಚಾರಿ ಬಂದು ನೋಡಿ, ಇದರ ಮರ ಬದಲಿಸಿದರೆ ಹಳೆಯದು ಏನೂ ಉಳಿಯಲ್ಲ, ಹೊಸದನ್ನೇ ಮಾಡ್ತೇನೆ ಅಂದನಂತೆ. ಹಲಸಿನ ಹಲಗೆ ತಂದ. ಹಳೆಯ ಗಂಟೆಯ ದನಿ ಬರುವವರೆಗೂ ಹೊಸ ಗಂಟೆಯನ್ನು ಅರದಿಂದ ಉಜ್ಜಿದ. ಎರಡನ್ನೂ ಪಕ್ಕಪಕ್ಕ ಇಟ್ಟಾಗ, ಜಾಕಿಯೇ ಎದ್ದು ಬಂದರೂ ಬೇರೆ ಮಾಡಲಾರ ಅಂದರಂತೆ ಜನ.

ಕಾರ್ಮಿನ್ ಬಾಯಿ ಮಾತ್ರ ಹೊಸದರಲ್ಲಿ ಒಂದು ಗುಂಡು ಬಿಟ್ಟು ನೋಡಿ, ಹಳೆಯದರ ಗಾಜು ಒರೆಸತೊಡಗಿದಳು.

ಅಂಗಡಿಯಲ್ಲಿ ಜಾಗ ಒಂದಕ್ಕೇ. ಅಷ್ಟರಲ್ಲಿ ಹಡಗಿನ ಯಜಮಾನನೊಬ್ಬ ಬಂದ. ಕೆಟ್ಟಿದ್ದರೂ ಸರಿ, ನನಗೆ ಅಸಲಿಯೇ ಬೇಕು, ಹೊಸದು ಬರೀ ನಕಲು ಅಂತ ಹಟ ಹಿಡಿದ. ಯಾವುದನ್ನು ಕೊಡಲಿ ಅಂತ ಕೇಳಲು ಅವಳು ಆಚಾರಿಗೆ ಹೇಳಿ ಕಳಿಸಿದಳು.

“ನನ್ನದರಲ್ಲಿ ಏನು ಕಮ್ಮಿ, ಹೇಳಿ ಬಾಯಮ್ಮ” ಅಂದನಂತೆ ಆಚಾರಿ.

“ಎಡಗಡೆ ಗಂಟೆಯ ಹತ್ತಿರ ಗುಂಡು ಚೂರು ನಿಂತು, ಆಮೇಲೆ ಗೆಲ್ಲುವ ಕುಳಿಗೆ ಬೀಳ್ತಿತ್ತು. ಇದರಲ್ಲಿ ನಿಲ್ಲೋದಿಲ್ಲ.”

“ಅಲ್ಲೊಂದು ಮೊಳೆ ಬಾಗಿತ್ತು. ನಾನು ನೆಟ್ಟಗೆ ಹೊಡೆದೆ.”

“ಅದನ್ನು ಬಗ್ಗಿಸಿದ್ದು ನಮ್ಮ ಮನೆಯವರೇ, ಆಚಾರ್ರೇ. ನಾನು ಗೆಲ್ಲಲಿ ಅಂತ.”

ಆಚಾರಿ ಬಗ್ಗಿ ಹಳೆಯದರ ಆ ಮೊಳೆಯನ್ನು ನೋಡಿದನಂತೆ. ಆಮೇಲೆ, “ಹಳೆಯದನ್ನು ಕೊಡಬೇಡಿ. ನಾನು ಮಾಡಿದಂಥದ್ದು ಇನ್ನೊಂದು ಮಾಡಬಲ್ಲೆ, ಅದನ್ನಲ್ಲ” ಅಂದನಂತೆ. ಕಾರ್ಮಿನ್ ಬಾಯಿ ಯಜಮಾನನಿಗೆ ಚಾ ಕೊಟ್ಟು, ಇಲ್ಲ ಅಂತ ಹೇಳಿ ಕಳಿಸಿದಳು. ಹಳೆಯ ಪೆಟ್ಟಿಗೆಯನ್ನು ಒಳಮನೆಗೆ ಸೇರಿಸಿದಳು.

ಆಗ ಆಚಾರಿ ಹೊಸದರ ಗಾಜು ತೆಗೆದು, ಆ ಒಂದು ಮೊಳೆಯನ್ನು ಕಿತ್ತು, ಬೇರೊಂದು ಮೊಳೆಯನ್ನೂ ಸುತ್ತಿಗೆಯನ್ನೂ ಅವಳ ಕೈಗೆ ಕೊಟ್ಟ. ಅಭ್ಯಾಸವಿಲ್ಲದ ಕೈ, ಮೊಳೆ ತಾನೇ ಸೊಟ್ಟಗಾಯಿತು. ಗುಂಡು ಬಿಟ್ಟಳು. ಗಂಟೆಯ ಹತ್ತಿರ ಬಂದು, ಚೂರು ನಿಂತು, ಗೆಲ್ಲುವ ಕುಳಿಗೆ ಬಿತ್ತು. ಜಾಕಿ ಹೋದ ಮೇಲೆ ಅವಳು ನಕ್ಕದ್ದನ್ನು ಬಂದರಿನವರು ಅವತ್ತೇ ಮೊದಲು ಕೇಳಿದ್ದಂತೆ.

ಆ ಅಂಗಡಿ ಈಗಿಲ್ಲ. ಆದರೆ ಆ ಕಡೆಯ ಬಡಗಿಗಳು ಬಾಗಿಲು ಮಾಡಲಿ, ತೊಟ್ಟಿಲು ಮಾಡಲಿ, ಕೊನೆಯ ಮೊಳೆಯನ್ನು ಇವತ್ತಿಗೂ ತಾವು ಹೊಡೆಯುವುದಿಲ್ಲ. ಸೂರಪ್ಪಾಚಾರಿಯ ಹೆಸರು ಹೇಳಿ, ಮನೆಯವರ ಕೈಗೆ ಸುತ್ತಿಗೆ ಕೊಟ್ಟು ಪಕ್ಕಕ್ಕೆ ನಿಲ್ಲುತ್ತಾರೆ. ಅದು ಸೊಟ್ಟಗೆ ಹೋದರೂ ತಿದ್ದುವುದಿಲ್ಲ.